ನರ್ಸಮ್ಮನ ಪಾಳಿ ಯಾವಾಗ?



ಬೆಂಗಳೂರು, ಮಂಗಳೂರಿನಲ್ಲಿ ನರ್ಸಿಂಗ್ ಓದಿದ ಹುಡುಗಿಯರನ್ನು ಅಮೆರಿಕದ ಆಸ್ಪತ್ರೆಗಳು ಕೆಲಸಕ್ಕೆ ಕರೆಯುತ್ತವೆ. ಅಲ್ಲಿನ ಪರೀಕ್ಷೆಯೂ ಪಾಸಾಗಿರುತ್ತೆ. ಆದರೂ ವೀಸಾ ಬರೋದಿಲ್ಲ. ವರ್ಷಗಟ್ಟಲೆ ಕಾಯಬೇಕು. ಇಲ್ಲಿ ಅಪ್ಪ ಸಾಲ ಮಾಡಿ ಫೀಸು ಕಟ್ಟಿರುತ್ತಾನೆ. ಬಡ್ಡಿ ಕಾಯುತ್ತದೆಯೇ?

ಅಲ್ಲಿ ನೆಲೆಸಿ ದುಡಿಯುವ ವೀಸಾಗೆ ಮಿತಿ ಇದೆ. 1990ರ ಕಾನೂನು ಹಾಕಿದ ಮಿತಿ ಅದು. ಕೆಲಸದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ವೀಸಾ. ನರ್ಸು, ಡಾಕ್ಟರು, ಎಂಜಿನಿಯರು, ಅವರ ಮನೆಯವರು, ಮಕ್ಕಳು, ಎಲ್ಲರೂ ಇದರಲ್ಲೇ ಬರಬೇಕು. ಒಂದು ದೇಶಕ್ಕೆ ಸಾಮಾನ್ಯವಾಗಿ ನೂರಕ್ಕೆ 7 ಪಾಲು ಮಾತ್ರ. ಹತ್ತು ಮನೆಯ ಕೇರಿಗೂ ಸಾವಿರ ಮನೆಯ ಕೇರಿಗೂ ಒಂದೇ ಮೂಟೆ ಅಕ್ಕಿ ಕೊಟ್ಟ ಹಾಗೆ! ಭಾರತದ ಸಾಲು ಉದ್ದವಾಗದೆ ಇನ್ನೇನು?

ಇನ್ನೊಂದು ವಿಚಿತ್ರ ಕೇಳಿ. ಸಾಲು ಇಷ್ಟುದ್ದ ಇದ್ದರೂ ಕೆಲವು ವರ್ಷ ವೀಸಾ ಮಿಕ್ಕಿಹೋದವು. ಕಚೇರಿಗಳ ನಿಧಾನ! 2005ರಲ್ಲಿ ಒಂದು ಕಾನೂನು ಮಾಡಿ, ಹೀಗೆ ಮಿಕ್ಕಿದ 50,000 ವೀಸಾಗಳನ್ನು ನರ್ಸುಗಳಿಗೂ ಫಿಸಿಯೋಥೆರಪಿಯವರಿಗೂ ಕೊಟ್ಟರು. ಅವು ಬೇಗ ಮುಗಿದವು.

2020ರಲ್ಲಿ ಕೊರೊನಾ ಬಂತು. ಅಲ್ಲಿ ನರ್ಸುಗಳ ಕೊರತೆ ಎದ್ದು ಕಂಡಿತು. ಆಗ ಎರಡೂ ಪಕ್ಷದವರು ಸೇರಿ ಒಂದು ಮಸೂದೆ ತಂದರು. ಹಳೆಯ ವರ್ಷಗಳಲ್ಲಿ ಮಿಕ್ಕಿದ ವೀಸಾಗಳಲ್ಲಿ 25,000 ನರ್ಸುಗಳಿಗೆ, 15,000 ಡಾಕ್ಟರುಗಳಿಗೆ. ಇವಕ್ಕೆ ದೇಶದ ಮಿತಿ ಇಲ್ಲ. ಮನೆಯವರ ಲೆಕ್ಕ ಬೇರೆ. ನನ್ನ ಮಟ್ಟಿಗೆ ಒಳ್ಳೆಯ ಮಸೂದೆ. ಆದರೆ ಪಾಸಾಗಲಿಲ್ಲ. 2021ರಲ್ಲಿ ಮತ್ತೆ ತಂದರು. 2023ರಲ್ಲಿ ಇನ್ನೊಮ್ಮೆ. ಅವೂ ಬಿದ್ದುಹೋದವು. ಅಲ್ಲಿನ ಸಂಸತ್ತಿಗೆ ಎರಡು ವರ್ಷದ ಅವಧಿ. ಅಷ್ಟರೊಳಗೆ ಪಾಸಾಗದಿದ್ದರೆ ಮಸೂದೆಯನ್ನು ಮತ್ತೆ ಮೊದಲಿಂದ ತರಬೇಕು.

ಡಾಕ್ಟರುಗಳಿಗೆ ಇನ್ನೊಂದು ದಾರಿ ಉಂಟು. ತರಬೇತಿ ವೀಸಾದಲ್ಲಿ ಹೋದವರು ಮುಗಿಸಿ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು. ಡಾಕ್ಟರು ಸಾಲದ ಊರಲ್ಲಿ ಮೂರು ವರ್ಷ ದುಡಿದರೆ ಅದರಿಂದ ಬಿಡುಗಡೆ. ಇದು 1994ರಲ್ಲಿ ಶುರುವಾದ ಏರ್ಪಾಡು. ಆದರೆ ಆಮೇಲೆ ಅವರೂ ಅದೇ ಉದ್ದ ಸಾಲಿಗೆ ಬಂದು ನಿಲ್ಲಬೇಕು!

ಮಸೂದೆ ಬೇರೆ, ಕಾನೂನು ಬೇರೆ. "ಕಾನೂನು ಆಗೋಯ್ತು, ಮೂರು ತಿಂಗಳಲ್ಲಿ ವೀಸಾ, ದುಡ್ಡು ಕಟ್ಟಿ" ಅಂತ ಯಾರಾದರೂ ಏಜೆಂಟರು ಹೇಳಿದರೆ ಹೊಲ ಅಡ ಇಡಬೇಡಿ. ದುಡ್ಡು ಕೊಟ್ಟರೆ ಪಾಳಿ ಮುಂದೆ ಬರೋದಿಲ್ಲ. ಮಗಳ ಹೆಸರಲ್ಲಿ ಆಸ್ಪತ್ರೆ ಹಾಕಿದ ಅರ್ಜಿಯ ರಸೀದಿ ಕೇಳಿ. ಅದರಲ್ಲಿ ತಾರೀಕು ಇರುತ್ತದೆ. ಯಾವ ತಾರೀಕಿನವರ ಪಾಳಿ ಬಂದಿದೆ ಅಂತ ಅಮೆರಿಕ ಸರ್ಕಾರ ಪ್ರತಿ ತಿಂಗಳು ಪಟ್ಟಿ ಹಾಕುತ್ತದೆ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಭಾರತಕ್ಕೆ ಬೇರೆ ಕಾಲಂ ಇದೆ. ಎರಡು ತಾರೀಕು ಪಕ್ಕಪಕ್ಕ ಇಟ್ಟು ಓದಿ ನೋಡಿ.