ದೆಹಲಿ ಗದ್ದುಗೆ: ಐದು ಮನೆತನ, ಒಂದೇ ಕಾಯಿಲೆ

ಹೈಸ್ಕೂಲಿನಲ್ಲಿ ನಾನು ಬಾಯಿಪಾಠ ಮಾಡಿದ್ದ ಪಟ್ಟಿಯೊಂದು ಇವತ್ತಿಗೂ ನೆನಪಿದೆ. ಗುಲಾಮಿ, ಖಿಲ್ಜಿ, ತುಘಲಕ್, ಸಯ್ಯದ್, ಲೋದಿ. 1206ರಿಂದ 1526. ದೆಹಲಿಯಲ್ಲಿ 320 ವರ್ಷ, ಐದು ಮನೆತನ. ಒಂದು ಹೋಗಿ ಇನ್ನೊಂದು ಯಾಕೆ ಬಂತು? ಮೇಷ್ಟ್ರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸುಲ್ತಾನ ಸತ್ತರೆ ಮುಂದೆ ಯಾರು? ಈ ಪ್ರಶ್ನೆಗೆ ಎಲ್ಲರೂ ಒಪ್ಪುವ ನಿಯಮವೇ ಅಲ್ಲಿರಲಿಲ್ಲ. ಹಿರಿಮಗನಾ? ಮಗಳಾ? ಅಳಿಯನಾ? ಸೇನಾಪತಿಯಾ? ಉತ್ತರ ಹೇಳ್ತಿದ್ದದ್ದು ಕತ್ತಿ.

ಇಲ್ತಮಶ್ ಗಂಡುಮಕ್ಕಳನ್ನು ಬಿಟ್ಟು ಮಗಳು ರಜಿಯಾಳನ್ನು ಆರಿಸಿದ. ಸರದಾರರು ಒಪ್ಪಲಿಲ್ಲ. 1236ರಲ್ಲಿ ಪಟ್ಟವೇರಿದವಳು 1240ರಲ್ಲಿ ಪಟ್ಟವನ್ನೂ ಕಳಕೊಂಡಳು, ಪ್ರಾಣವನ್ನೂ ಕಳಕೊಂಡಳು. 1296ರಲ್ಲಿ ಮುದುಕ ಜಲಾಲುದ್ದೀನ್ ಖಿಲ್ಜಿ, ದೇವಗಿರಿ ಗೆದ್ದು ಬಂದ ಅಲಾವುದ್ದೀನನನ್ನು ನೋಡೋಕೆ ಗಂಗಾತೀರಕ್ಕೆ ಹೋದ. ಆತ ಅಣ್ಣನ ಮಗ, ಮೇಲಾಗಿ ಅಳಿಯ. ಪ್ರೀತಿಯಿಂದ ಹೋದವನನ್ನು ಅಲ್ಲೇ ಕೊಲ್ಲಿಸಿದ.

ಆ ಅಲಾವುದ್ದೀನ್ ಸಾಮಾನ್ಯನಲ್ಲ. ದೆಹಲಿಯಲ್ಲಿ ದವಸಧಾನ್ಯದ ಬೆಲೆ ಕಟ್ಟಿಹಾಕಿದವನು. 1311ರಲ್ಲಿ ಅವನ ಸೇನೆ ಮಲಿಕ್ ಕಾಫರ್ ಜೊತೆ ನಮ್ಮ ದ್ವಾರಸಮುದ್ರದವರೆಗೂ ಬಂತು. ಆದರೆ 1316ರಲ್ಲಿ ಅವನು ಸತ್ತ ಮೇಲೆ ಏನಾಯ್ತು? ಅಧಿಕಾರ ಹಿಡಿಯಲು ಹೋದ ಕಾಫರ್ ಕೊಲೆಯಾದ. ಸುಲ್ತಾನನಾದ ಮಗ ಮುಬಾರಕ್‌ನನ್ನು ಅವನ ಮೆಚ್ಚಿನ ಖುಸ್ರೋ ಖಾನನೇ ಮುಗಿಸಿದ. ಖುಸ್ರೋನನ್ನು ಸೋಲಿಸಿ, ಕೊಲ್ಲಿಸಿ ಘಾಜಿ ಮಲಿಕ್ ಬಂದ, ತುಘಲಕ್ ಮನೆತನ ಶುರುವಾಯ್ತು. ಇಷ್ಟೂ ನಾಲ್ಕೇ ವರ್ಷದಲ್ಲಿ!

ಕೊನೆಗೆ 1526, ಪಾಣಿಪತ್. ಬಾಬರನ ಫಿರಂಗಿಗಳ ಮುಂದೆ ಇಬ್ರಾಹಿಂ ಲೋದಿ ಸತ್ತ ಅಂತ ಓದಿದ್ದೀವಿ. ಆದರೆ ಬಾಬರನ ನೆರವು ಕೇಳಿದವರಾರು? ಪಂಜಾಬಿನ ದೌಲತ್ ಖಾನ್ ಲೋದಿ ಮತ್ತು ಇಬ್ರಾಹಿಮನ ಸ್ವಂತ ಚಿಕ್ಕಪ್ಪ ಆಲಂ ಖಾನ್. ಹೊರಗಿನವನಿಗೆ ಬಾಗಿಲು ತೆಗೆದದ್ದು ಮನೆಯವರೇ.

ಇದು ಒಂದು ಧರ್ಮದವರ ಕಾಯಿಲೆ ಅಂತ ತಿಳೀಬೇಡಿ. ನಮ್ಮ ವಿಜಯನಗರದಲ್ಲೂ ನಾಲ್ಕು ಮನೆತನ ಆಳಿದವು. 1485ರಲ್ಲಿ ಸಂಗಮರಿಂದ ಗದ್ದುಗೆ ಕಿತ್ತುಕೊಂಡ ಸಾಳುವ ನರಸಿಂಹ ಅವರದೇ ದಂಡನಾಯಕ. ನಿಯಮ ಇಲ್ಲದ ಕಡೆ ಎಲ್ಲರೂ ಹಾಗೇ.

ನಮ್ಮ ಸ್ಟುಡಿಯೋಕ್ಕೆ ಫಲಿತಾಂಶದ ದಿನ ಸೋತವರೂ ಬರ್ತಾರೆ. ಗೆದ್ದವರ ಪಕ್ಕದಲ್ಲೇ ಕೂತು ಕಾಫಿ ಕುಡೀತಾರೆ, ಜಗಳ ಆಡ್ತಾರೆ, ಆಮೇಲೆ ಜೀವಂತವಾಗಿ ಮನೆಗೆ ಹೋಗ್ತಾರೆ. ನಮಗಿದು ಮಾಮೂಲು. ರಜಿಯಾಳಿಗೆ ಈ ಭಾಗ್ಯ ಇರಲಿಲ್ಲ. ಮತದಾನದ ದಿನ ರಜೆ ಸಿಕ್ಕಿತು ಅಂತ ಊರು ಸುತ್ತೋಕೆ ಹೊರಡುವ ಮುನ್ನ ಇದೊಂದು ಮಾತು ನೆನಪಿರಲಿ.