ಎರಡನೆಯ ನುಡಿಯಲ್ಲಿ ಎದೆಯ ಮಾತು
(ದೇವಾಲಯದ ಶತಮಾನೋತ್ಸವದ ಸಂದರ್ಭದಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ಈ ದೇವಾಲಯದ ಕಲ್ಲು, ಗಂಟೆ, ಬಲಿಪೀಠಗಳ ಚರಿತ್ರೆಯನ್ನು ಹೇಳಬಲ್ಲ ಹಿರಿಯರು ಈ ವೇದಿಕೆಯಲ್ಲಿಯೇ ಇದ್ದಾರೆ. ನಾವು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಸೀಮೆಯ ಮಸೂತಿಯ ಕಡೆಯಿಂದ ಬಂದವರು. ನಮಗೆ ಒಪ್ಪಿಸಿದ ವಿಷಯ ಬೇರೊಂದು: ತಾಯಿಯಿಂದ ಕಲಿತದ್ದಲ್ಲದ ಭಾಷೆಯಲ್ಲಿ ಮನುಷ್ಯನು ತನ್ನ ಸಂತೋಷ, ಸಂಕಟ, ಪಶ್ಚಾತ್ತಾಪಗಳನ್ನು ಹೇಳಿಕೊಳ್ಳಬಲ್ಲನೇ? ಒಂದೇ ದೇವಾಲಯದಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳ ಮಾತನಾಡುವ ಮನೆಗಳವರು ಒಂದೇ ಸಾಲಿನಲ್ಲಿ ಮೊಣಕಾಲೂರುವ ನಮ್ಮ ನಾಡಿನಲ್ಲಿ ಇದು ಪಂಡಿತರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ.

ಮೊದಲು ನಮ್ಮ ಸೀಮೆಯ ಮಾತು. ಮಸೀದಿಗೆ ನಮ್ಮ ಕಡೆಯ ಆಡುಮಾತಿನಲ್ಲಿ ಮಸೂತಿ ಎಂದೇ ಹೆಸರು. ಅರಬ್ಬೀ ಮೂಲದ ಪದವೊಂದು ಜೋಳದ ಹೊಲಗಳ ನಡುವೆ ಹೀಗೆ ಕನ್ನಡವಾಗಿ ಹೋಗಿದೆ. ನೆರೆಯ ಮುಸಲ್ಮಾನರ ಮನೆಗಳಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿಗರ ಗೋರಬೋಲಿ, ಸಂತೆಯಲ್ಲಿ ಎಲ್ಲರಿಗೂ ಕನ್ನಡ. ಕೂಡಗಿಯಲ್ಲಿ 2400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಎದ್ದ ಮೇಲೆ ಉತ್ತರದ ರಾಜ್ಯಗಳಿಂದ ಬಂದ ಕೆಲಸಗಾರರ ಹಿಂದಿಯೂ ಅಲ್ಲಿ ಸೇರಿಕೊಂಡಿದೆ. ವ್ಯವಹಾರಕ್ಕೆ ಎರಡನೆಯ ಭಾಷೆ ಸಾಕಾಗುತ್ತದೆ. ಬೆಲೆ ಕೇಳುವುದಕ್ಕೆ, ದಾರಿ ಕೇಳುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ಆದರೆ ಲಂಬಾಣಿ ವಧು ತವರನ್ನು ಬಿಟ್ಟು ಹೊರಡುವಾಗ ಹಾಡಿ ಅಳುವ ಢಾವಲೋ ಗೋರಬೋಲಿಯಲ್ಲಿಯೇ ಇರುತ್ತದೆ. ಅವಳು ಸಂತೆಯಲ್ಲಿ ಎಷ್ಟೇ ಚೆನ್ನಾಗಿ ಕನ್ನಡವಾಡಲಿ, ಆ ಹೊತ್ತಿನಲ್ಲಿ ಕನ್ನಡ ಅವಳ ಬಾಯಿಗೆ ಬರುವುದಿಲ್ಲ.

ಇದಕ್ಕೆ ಎದುರಾದ ಉದಾಹರಣೆಯೂ ಅದೇ ಮಣ್ಣಿನಲ್ಲಿದೆ. ಮೊಹರಮ್ಮಿನ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ರಿವಾಯತ ಪದಗಳನ್ನು ಹಾಡುತ್ತಾರೆ. ಅರಬಸ್ಥಾನದ ಆಚೆ ಕರ್ಬಲಾದಲ್ಲಿ ನಡೆದ ಮರಣದ ಶೋಕವನ್ನು ಹಿಂದುಗಳೂ ಮುಸಲ್ಮಾನರೂ ಕೂಡಿ ಅಪ್ಪಟ ಕನ್ನಡದಲ್ಲಿ ಹಾಡಿ ಕಣ್ಣೀರಿಡುತ್ತಾರೆ. ಆದ್ದರಿಂದ ಮಾತೃಭಾಷೆಯಲ್ಲದ ನುಡಿಯಲ್ಲಿ ದುಃಖ ಮೂಡುವುದೇ ಇಲ್ಲವೆಂದು ಹೇಳಿದರೆ ನಮ್ಮ ಊರುಗಳೇ ಒಪ್ಪಲಾರವು. ಒಂದು ಕಡೆ ಬಾರದ ನುಡಿ ಮತ್ತೊಂದು ಕಡೆ ಹೇಗೆ ಬಂತು ಎಂಬುದೇ ಇಂದು ನಾವು ವಿಚಾರಿಸಬೇಕಾದದ್ದು.

ಶುಭಸಂದೇಶಗಳನ್ನೇ ತೆರೆದು ನೋಡೋಣ. ಅವು ನಮಗೆ ಬಂದಿರುವುದು ಗ್ರೀಕ್ ಭಾಷೆಯಲ್ಲಿ. ಪ್ರಭು ಯೇಸು ಮನೆಯಲ್ಲಿ, ಸರೋವರದ ದಡದಲ್ಲಿ ಆಡಿದ ನುಡಿ ಅರಮಾಯಿಕ್. ಅಂದರೆ ಪ್ರಭುವಿನ ಜೀವನವೇ ನಮಗೆ ಎರಡನೆಯ ನುಡಿಯಲ್ಲಿ ತಲುಪಿದೆ. ಆದರೂ ಸಂತ ಮಾರ್ಕನು ಕೆಲವು ಕಡೆ ಗ್ರೀಕ್ ಭಾಷೆಯನ್ನು ತಡೆದು ನಿಲ್ಲಿಸುತ್ತಾನೆ. ಸತ್ತ ಬಾಲಕಿಯ ಕೈಹಿಡಿದು ಪ್ರಭು ಹೇಳಿದ ತಲಿಥಾ ಕೂಮ್, ಕಿವುಡನಿಗೆ ಹೇಳಿದ ಎಪ್ಫಥಾ, ಗೆತ್ಸೆಮನೆ ತೋಟದಲ್ಲಿ ಬೆವರಿ ಕರೆದ ಅಬ್ಬಾ, ಶಿಲುಬೆಯ ಮೇಲಿನ ಎಲೋಯಿ ಎಂಬ ಕೂಗು — ಇವನ್ನು ಮಾರ್ಕನು ಮೂಲದ ಧ್ವನಿಯಲ್ಲಿಯೇ ಇಟ್ಟು, ಆಮೇಲೆ ಅರ್ಥ ಹೇಳುತ್ತಾನೆ. ಸಂತ ಯೊವಾನ್ನನೂ ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳ ಬಾಯಲ್ಲಿ ಬಂದ ರಬ್ಬೂನಿ ಎಂಬ ಒಂದು ಪದವನ್ನು ಹಾಗೆಯೇ ಉಳಿಸಿದ್ದಾನೆ. ಗಮನಿಸಿರಿ, ಉಪದೇಶದ ಮಾತುಗಳನ್ನು ಹೀಗೆ ಉಳಿಸಿದ್ದು ಕಡಿಮೆ. ಪರ್ವತ ಪ್ರಸಂಗ ಬಹುಮಟ್ಟಿಗೆ ಗ್ರೀಕಿಗೆ ಹೋಯಿತು. ಎದೆ ಒಡೆದ ಕಡೆ, ಮೈ ಮುಟ್ಟಿದ ಕಡೆ, ಗುರುತು ಸಿಕ್ಕ ಕಡೆ ಮನೆಯ ಮಾತು ಉಳಿಯಿತು. ಬೋಧನೆಗೆ ಅನುವಾದ ಸಲ್ಲುತ್ತದೆ, ಆರ್ತಧ್ವನಿಗೆ ಅಷ್ಟು ಸುಲಭವಾಗಿ ಸಲ್ಲುವುದಿಲ್ಲ ಎಂಬುದನ್ನು ಆ ಬರಹಗಾರರು ಬಲ್ಲವರಾಗಿದ್ದರು.

ನಮ್ಮ ಧರ್ಮಸಭೆ ಬಹುಕಾಲ ಲತೀನ್ ಭಾಷೆಯಲ್ಲಿ ಬಲಿಪೂಜೆಯನ್ನು ಅರ್ಪಿಸಿತು. ಬಲಿಪೀಠದಲ್ಲಿ ಗುರುಗಳು ಲತೀನ್ ನುಡಿಯುತ್ತಿದ್ದಾಗ ಪೀಠಗಳಲ್ಲಿ ಕುಳಿತ ಅಜ್ಜಿಯರು ತಮ್ಮ ತಮ್ಮ ಮನೆಮಾತಿನಲ್ಲಿ ಜಪಸರ ಎಣಿಸುತ್ತಿದ್ದರು. ಇದನ್ನು ಅಜ್ಞಾನವೆಂದು ನಗುವವರಿದ್ದಾರೆ, ನಾವು ನಗುವುದಿಲ್ಲ. ಆ ಅಜ್ಜಿಯರು ತಮ್ಮ ಕಣ್ಣೀರಿಗೆ ದಾರಿ ಹುಡುಕಿಕೊಂಡಿದ್ದರು. 1963ನೆಯ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವೋಪಾಸನೆಯನ್ನು ಕುರಿತ ಸಂವಿಧಾನವನ್ನು ಹೊರಡಿಸಿ ದೇಶಭಾಷೆಗಳಿಗೆ ಬಾಗಿಲು ತೆರೆಯಿತು. ಕನ್ನಡ ಬಲಿಪೀಠವನ್ನೇರಿತು, ಇದು ಮಹದುಪಕಾರ. ಆದರೆ ಒಂದು ಸೂಕ್ಷ್ಮವನ್ನು ಹೇಳದೆ ಹೋಗಲಾರೆವು. ಬಲಿಪೀಠವನ್ನೇರಿದ್ದು ಗ್ರಂಥದ ಕನ್ನಡ. ನಮ್ಮ ಕಡೆಯ ತಾಯಿ ಮಗನನ್ನು ಕಳೆದುಕೊಂಡಾಗ ‘ನಾನು ಶೋಕತಪ್ತಳಾಗಿದ್ದೇನೆ’ ಎನ್ನುವುದಿಲ್ಲ. ‘ಹೊಟ್ಟ್ಯಾಗ ಕಿಚ್ಚ ಬಿದ್ದಂಗ ಆಗೈತಿ’ ಎನ್ನುತ್ತಾಳೆ. ಹಳಹಳಿ, ಕಕ್ಕುಲಾತಿ ಎಂಬ ನಮ್ಮ ಮಾತುಗಳಿಗೆ ಪ್ರಾರ್ಥನಾ ಪುಸ್ತಕದಲ್ಲಿ ಸರಿಯಾದ ಜೋಡಿ ಸಿಗುವುದು ಕಷ್ಟ. ಹೀಗೆ ಅಚ್ಚ ಕನ್ನಡಿಗರಿಗೂ ದೇವಾಲಯದ ಕನ್ನಡ ಒಂದು ಮಟ್ಟಿಗೆ ಎರಡನೆಯ ಭಾಷೆಯೇ. ಹನ್ನೆರಡನೆಯ ಶತಮಾನದಲ್ಲಿ ಇದೇ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಸಂಸ್ಕೃತವನ್ನು ಬದಿಗಿಟ್ಟು ಜನರಾಡುವ ಕನ್ನಡದಲ್ಲಿ ದೇವರೊಡನೆ ಮಾತನಾಡಿದ್ದರ ಬೆಲೆ ಇದನ್ನು ಎಣಿಸಿದಾಗ ತಿಳಿಯುತ್ತದೆ.

ಭಾಷೆಗೂ ಭಾವಕ್ಕೂ ಇರುವ ನಂಟನ್ನು ನಮ್ಮ ಸಂತರೊಬ್ಬರು ಬಹು ಹಿಂದೆಯೇ ಪರೀಕ್ಷಿಸಿದ್ದರು. ಸಂತ ಆಗಸ್ಟೀನರು ತಮ್ಮ ಆತ್ಮನಿವೇದನೆಯ ಮೊದಲ ಭಾಗದಲ್ಲಿ ಬಾಲ್ಯದ ಎರಡು ಭಾಷೆಗಳನ್ನು ನೆನೆಯುತ್ತಾರೆ. ಲತೀನನ್ನು ಅವರು ದಾದಿಯರ ಮುದ್ದಿನಲ್ಲಿ, ಆಟಪಾಟಗಳ ನಡುವೆ, ಯಾವ ಹೆದರಿಕೆಯೂ ಇಲ್ಲದೆ ಕಲಿತರು. ಗ್ರೀಕನ್ನು ಶಿಕ್ಷೆಯ ಭಯದಲ್ಲಿ ಕಲಿತರು. ಹೋಮರನಂಥ ಮಹಾಕವಿಯ ಕಥೆಗಳೂ ಅವರಿಗೆ ಕಹಿಯಾದವು. ಒಂದೇ ಬಾಲಕ, ಒಂದೇ ಬುದ್ಧಿ; ಕಲಿತ ಬಗೆ ಬೇರೆ.

ಈ ಕಾಲದ ವಿಜ್ಞಾನಿಗಳು ಇದನ್ನೇ ಉಪಕರಣದಿಂದ ಅಳೆದಿದ್ದಾರೆ. 2003ರಲ್ಲಿ ಬೋಸ್ಟನ್ ವಿಶ್ವವಿದ್ಯಾನಿಲಯದ ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು ತುರ್ಕಿ ಮಾತೃಭಾಷೆಯಾಗಿ, ಇಂಗ್ಲಿಷನ್ನು ಆಮೇಲೆ ಕಲಿತವರಿಗೆ ಎರಡೂ ಭಾಷೆಗಳಲ್ಲಿ ಮಾತುಗಳನ್ನು ಕೇಳಿಸಿ, ಅವರ ಬೆರಳ ತುದಿಯ ಚರ್ಮದಲ್ಲಿ ಆಗುವ ಸೂಕ್ಷ್ಮ ಬದಲಾವಣೆಯನ್ನು ಅಳೆದರು. ಬಾಲ್ಯದಲ್ಲಿ ಹಿರಿಯರು ಗದರಿಸುವ ‘ನಾಚಿಕೆಯಾಗಬೇಕು ನಿನಗೆ’ ಎಂಬಂಥ ಮಾತಿಗೆ ತುರ್ಕಿ ಭಾಷೆಯಲ್ಲಿ ಮೈ ಹೆಚ್ಚು ಕಂಪಿಸಿತು, ಇಂಗ್ಲಿಷಿನಲ್ಲಿ ಅಷ್ಟಿಲ್ಲ. ಅರ್ಥ ಎರಡರಲ್ಲೂ ತಿಳಿದೇ ಇತ್ತು. ಮರುವರ್ಷ ಸ್ಪ್ಯಾನಿಷ್ ಮನೆಗಳವರನ್ನು ಪರೀಕ್ಷಿಸಿದಾಗ, ಇಂಗ್ಲಿಷನ್ನು ಎಳವೆಯಲ್ಲಿಯೇ ಕಲಿತವರಲ್ಲಿ ಈ ಅಂತರ ಕಾಣಲಿಲ್ಲ. ಮೊದಲನೆಯದು, ಎರಡನೆಯದು ಎಂಬ ಕ್ರಮವೊಂದೇ ಮುಖ್ಯವಲ್ಲ. ಯಾವ ನುಡಿಯಲ್ಲಿ ನಮ್ಮನ್ನು ಮುದ್ದಿಸಿದರು, ಗದರಿಸಿದರು, ಸಂತೈಸಿದರು ಎಂಬುದೇ ಹೆಚ್ಚೆಂದು ನಮಗೆ ತೋರುತ್ತದೆ.

ಕನ್ನಡ ಸಾಹಿತ್ಯದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1973ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ವರಕವಿ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಮಗುವನ್ನು ಕಳೆದುಕೊಂಡ ತಂದೆಯ ದುಃಖವನ್ನು ಅವರು ಹಾಡಿದ್ದು ಮರಾಠಿಯಲ್ಲಲ್ಲ, ಗ್ರಂಥಸ್ಥ ಕನ್ನಡದಲ್ಲೂ ಅಲ್ಲ. ಧಾರವಾಡದ ಓಣಿಗಳ ಆಡುಗನ್ನಡದಲ್ಲಿ. ಆ ಓಣಿಯಲ್ಲಿ ಅವರು ಆಡಿದ್ದರು, ಕುಣಿದಿದ್ದರು, ನೆರೆಹೊರೆಯ ತಾಯಂದಿರ ಮಾತನ್ನು ಕೇಳಿ ಬೆಳೆದಿದ್ದರು. ಇಂದು ಕೇರಳಕ್ಕೆ ಸೇರಿರುವ ಕಾಸರಗೋಡು ಸೀಮೆಯ ಮಂಜೇಶ್ವರದ ಗೋವಿಂದ ಪೈಗಳನ್ನು ನೋಡಿರಿ. ಮನೆಮಾತು ಕೊಂಕಣಿ, ಧರ್ಮದಿಂದ ಕ್ರೈಸ್ತರಲ್ಲ. ಆದರೂ ನಮ್ಮ ಪ್ರಭುವಿನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಕನ್ನಡಕ್ಕೆ ಕೊಟ್ಟರು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು. ತಮ್ಮದಲ್ಲದ ಧರ್ಮದ ಶೋಕವನ್ನು, ತಮ್ಮ ಮನೆಯದಲ್ಲದ ಭಾಷೆಯಲ್ಲಿ ಹಾಡಿದ ಆ ಹಿರಿಯರ ಹೆಸರನ್ನು ನಮ್ಮ ಧರ್ಮಕೇಂದ್ರಗಳಲ್ಲಿ ತಪಸ್ಸುಕಾಲದಲ್ಲಾದರೂ ನೆನೆಯುವುದು ಸಾಲದೆಂದು ನಮ್ಮ ಭಾವನೆ.

ನಮ್ಮವರೇ ಆದ ನಾ. ಡಿಸೋಜರು 1937ರಲ್ಲಿ ಸಾಗರದಲ್ಲಿ ಹುಟ್ಟಿ, 2025ರ ಜನವರಿಯಲ್ಲಿ ನಮ್ಮನ್ನಗಲಿದರು. ಮನೆಯಲ್ಲಿ ಕೊಂಕಣಿ, ಕಾದಂಬರಿಗಳಲ್ಲಿ ಕನ್ನಡ. ಶರಾವತಿಯ ನೀರು ಏರಿ ಮನೆಮಠ ಮುಳುಗುವ ಕುಟುಂಬದ ಕಥೆಯಾದ ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಲನಚಿತ್ರವಾಗಿಸಿದರು. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಬಿಟ್ಟು ಎದ್ದುಬಂದ ನಮ್ಮ ಕೃಷ್ಣಾ ತೀರದವರಿಗೆ ಆ ಕಥೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅವರ ಸಂಕಟಕ್ಕೆ ಮಾತು ಕೊಟ್ಟವರು ಕನ್ನಡವನ್ನು ಮನೆಯ ಹೊರಗೆ ಕಲಿತ ಒಬ್ಬ ಲೇಖಕರು.

ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಅವರನ್ನೂ ಈ ಪಂಕ್ತಿಯಲ್ಲಿ ಸೇರಿಸಬೇಕು. ಅವರ ಮರಾಠಿ ಕ್ರಿಸ್ತಪುರಾಣ 1616ರಲ್ಲಿ ಅಚ್ಚಾಯಿತು. ಬಂದು ಮೂವತ್ತೇಳು ವರ್ಷಗಳ ಮೇಲೆ! ಪರಭಾಷೆ ಎದೆಯ ಭಾಷೆಯಾಗಲು ಎಷ್ಟು ಕಾಲ ಜನರೊಡನೆ ಬಾಳಬೇಕೆಂಬುದಕ್ಕೆ ಈ ಲೆಕ್ಕ ಸಾಕು.

ಇನ್ನು ನೋವಿನ ಮಾತು. ಮನೆಮಾತನ್ನಾಡಿದರೆ ದಂಡ ಎಂಬ ನಿಯಮವನ್ನಿಟ್ಟ ಶಾಲೆಗಳು ನಮ್ಮ ನಾಡಿನಲ್ಲಿ ಇದ್ದವು, ಕ್ರೈಸ್ತರು ನಡೆಸುವ ಶಾಲೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಅಂಥ ಕಡೆ ಓದಿದ ಮಕ್ಕಳು ಇಂಗ್ಲಿಷಿನಲ್ಲಿ ಲೆಕ್ಕ ಮಾಡಬಲ್ಲರು, ಅರ್ಜಿ ಬರೆಯಬಲ್ಲರು; ತಂದೆಯ ಶವದ ಮುಂದೆ ನಿಂತಾಗ ಮಾತ್ರ ಆ ಭಾಷೆ ಬಾಯಲ್ಲಿ ಮರಗಟ್ಟುತ್ತದೆ. ಮನೆಮಾತೂ ಅಷ್ಟರಲ್ಲಿ ಸವೆದಿರುತ್ತದೆ. ಎರಡು ಭಾಷೆಗಳಿದ್ದೂ ಅಳಲು ಒಂದೂ ಇಲ್ಲದ ಬಡತನ ಇದು. ಆಗಸ್ಟೀನರ ಗ್ರೀಕ್ ಪಾಠವನ್ನು ನಾವು ನಮ್ಮ ಮಕ್ಕಳಿಗೆ ಮತ್ತೆ ಕಲಿಸಿದ್ದೇವೆ ಎನ್ನದೆ ವಿಧಿಯಿಲ್ಲ. ಉಚ್ಚಾರಣೆಯನ್ನು ಕಂಡು ನಗುವುದೂ ಇದಕ್ಕೆ ಸೇರಿದ್ದೇ. ಸಂತ ಪೇತ್ರನನ್ನು ಅಂಗಳದಲ್ಲಿ ಗುರುತಿಸಿದ್ದು ಅವನ ಗಲಿಲೇಯದ ಮಾತಿನ ಧಾಟಿಯಿಂದ. ಬೆಂಕಿ ಕಾಯುತ್ತಿದ್ದವರ ನಡುವೆ ಅವನ ಬಾಯಿ ಅವನನ್ನು ಬಿಟ್ಟುಕೊಟ್ಟಿತು.

ಆದರೂ ಎರಡನೆಯ ಭಾಷೆಗೆ ಒಂದು ಕರುಣೆಯೂ ಉಂಟು. ಮನೆಮಾತಿನಲ್ಲಿ ಹೇಳಲು ನಾಲಗೆ ಹೊರಳದ ಪಾಪವನ್ನು, ಅವಮಾನವನ್ನು ಪರಭಾಷೆಯಲ್ಲಿ ಹೇಳಿಬಿಡುವವರುಂಟು. ಆ ಭಾಷೆಯ ಪದಗಳು ಮೈಗೆ ಅಂಟಿರುವುದಿಲ್ಲವಾದ್ದರಿಂದ ಬಿಸಿಯಾದ ಪಾತ್ರೆಯನ್ನು ಬಟ್ಟೆ ಹಿಡಿದು ಎತ್ತಿದಂತೆ ಅವು ನೆರವಾಗುತ್ತವೆ. ಇದನ್ನು ಕಪಟವೆನ್ನಬಾರದು. ಇಳಿಸಬೇಕಾದ ಭಾರ ಇಳಿದರಾಯಿತು.

ನಮ್ಮ ಸೀಮೆಯಿಂದ ನೂರಾರು ಕುಟುಂಬಗಳು ದುಡಿಮೆಗಾಗಿ ಗೋವೆಯ ವಾಸ್ಕೋ, ಮಡಗಾಂವ್‌ಗಳಿಗೆ ಹೋಗಿವೆ. ಅಲ್ಲಿ ನಮ್ಮ ವಿಜಯಪುರದ ಕೂಲಿಕಾರನು ಹರಕು ಕೊಂಕಣಿಯಲ್ಲಿ ಜ್ವರವಿದೆ, ಸಂಬಳ ಬಂದಿಲ್ಲ, ಊರಲ್ಲಿ ತಾಯಿ ತೀರಿಕೊಂಡಳು ಎಂದು ಹೇಳಿಕೊಳ್ಳಬೇಕು. ಇಲ್ಲಿ ಕೊಂಕಣಿಯ ತಾಯಿ ಹರಕು ಕನ್ನಡದಲ್ಲಿ ಅದನ್ನೇ ಹೇಳಿಕೊಳ್ಳುತ್ತಾಳೆ. ಹೀಗೆ ಎರಡು ನಾಡುಗಳು ಪರಸ್ಪರರ ಹರಕು ಮಾತನ್ನು ಕೇಳಿಸಿಕೊಳ್ಳುವ ಸಾಲದಲ್ಲಿವೆ. ಕೇರಳದಿಂದ ಬಂದು ನಮ್ಮ ಹಳ್ಳಿಗಳಲ್ಲಿ ರೋಗಿಗಳ ಸೇವೆಗೆ ನಿಂತ ಧರ್ಮಭಗಿನಿಯರು ಈ ಸಾಲವನ್ನು ತೀರಿಸುವ ಬಗೆಯನ್ನು ತೋರಿಸಿದ್ದಾರೆ. ಜಡ್ಡು ಎಂದರೆ ಕಾಯಿಲೆ, ತ್ರಾಸ ಎಂದರೆ ನೋವು ಎಂದು ಅವರು ಕಲಿತದ್ದು ನಿಘಂಟಿನಿಂದಲ್ಲ, ಹಾಸಿಗೆಯ ಪಕ್ಕದಲ್ಲಿ ಕುಳಿತು.

ಕೊನೆಯದಾಗಿ, ಅನೇಕರಿಗೆ ತಿಳಿಯದಿರುವ ಒಂದು ಅನುಕೂಲವನ್ನು ಇಲ್ಲಿ ತಿಳಿಸುತ್ತೇವೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 990ನೆಯ ವಿಧಿಯ ಪ್ರಕಾರ, ದುರುಪಯೋಗಕ್ಕೂ ಅಪವಾದಕ್ಕೂ ಎಡೆಗೊಡದೆ, ದುಭಾಷಿಯ ಮೂಲಕ ಪಾಪನಿವೇದನೆ ಮಾಡಿಕೊಳ್ಳಲು ಯಾರಿಗೂ ತಡೆಯಿಲ್ಲ. 983ನೆಯ ವಿಧಿಯು ಆ ದುಭಾಷಿಯನ್ನೂ ಗುಟ್ಟಿಗೆ ಕಟ್ಟುಹಾಕುತ್ತದೆ. ಸ್ಥಾವರದ ಕೆಲಸಕ್ಕೆ ಬಂದ ಕ್ರೈಸ್ತ ಕಾರ್ಮಿಕರಿಗೆ, ಮಗಳ ಮನೆಯಲ್ಲಿ ಉಳಿಯಲು ಬಂದು ಕನ್ನಡವರಿಯದ ಮುದುಕಿಯರಿಗೆ ಇದನ್ನು ಯಾರಾದರೂ ಹೇಳಬೇಕು. ಮರಣಶಯ್ಯೆಯ ಬಳಿಗೆ ಗುರುಗಳನ್ನು ಕರೆತರುವಾಗ ರೋಗಿಯ ಮನೆಮಾತು ಬಲ್ಲ ನೆರೆಯವರೊಬ್ಬರನ್ನೂ ಸಂಗಡ ಕರೆತರುವ ಪದ್ಧತಿಯನ್ನು ಈ ಧರ್ಮಕೇಂದ್ರದವರು ಶತಮಾನೋತ್ಸವದ ವರ್ಷದಲ್ಲಿಯೇ ಆರಂಭಿಸಬಹುದು. ಯಾವ ಮನೆಯಲ್ಲಿ ಯಾವ ಮಾತು ಎಂಬುದನ್ನು ವಾರ್ಡಿನ ಗುರಿಕಾರರು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡರೆ ಸಾಕು.