ಸಮತಟ್ಟು ಸೂರಿಗೆ ರಬ್ಬರ್ ಹೊದಿಕೆ

(ಮಲೆನಾಡಿನ ಕೃಷಿಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಹಳೆಯ ಮನೆಗಳು ಸಮತಟ್ಟಾದ ಸೂರನ್ನು ಕಂಡಿರಲಿಲ್ಲ. ಸೋಗೆಯಾಗಲಿ, ಹುಲ್ಲಾಗಲಿ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ತರುವಾಯ ಘಟ್ಟ ಹತ್ತಿ ಬಂದ ಹಂಚಾಗಲಿ, ಎಲ್ಲವೂ ಕಡಿದಾದ ಇಳಿಜಾರನ್ನೇ ನೆಚ್ಚಿಕೊಂಡಿದ್ದವು. ಚಪ್ಪಟೆ ಮಾಳಿಗೆ ಬಯಲುಸೀಮೆಯದು. ಅಲ್ಲಿನ ಮಿತವಾದ ಮಳೆಗೆ ಅದು ತಕ್ಕುದಾಗಿತ್ತು. ಆಗುಂಬೆಯ ಸರಾಸರಿ ವಾರ್ಷಿಕ ಮಳೆ 7,000 ಮಿ.ಮೀ.ಗೂ ಅಧಿಕ. ಕಾಂಕ್ರೀಟು ಸುಲಭವಾಗಿ ದೊರೆಯತೊಡಗಿದ ಮೇಲೆ ಬಯಲುಸೀಮೆಯ ಸೂರು ಈ ಮಳೆಯ ಕೆಳಗೆ ಬಂದು ನಿಂತಿತು. ಮೊದಲು ಬಂದದ್ದು ಮನೆಯ ಪಕ್ಕದ ವಾಹನದ ಕೊಟ್ಟಿಗೆಗೆ. ಜೀಪು, ಪಂಪು, ಮೈಲುತುತ್ತ, ಗೊಬ್ಬರದ ಚೀಲ ಎಲ್ಲವೂ ಇಂದು ಅದರ ಅಡಿಯಲ್ಲಿವೆ.

ಆ ಕೊಟ್ಟಿಗೆಯ ಉದ್ದ 6 ಮೀಟರ್, ಅಗಲ 3 ಮೀಟರ್ ಎಂದಿಟ್ಟುಕೊಳ್ಳೋಣ. ಅಂದರೆ 18 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 3,000 ಮಿ.ಮೀ. ಮಳೆಯಾಗುವ ಊರಿನಲ್ಲಿ ಈ ಪುಟ್ಟ ಸೂರು 54,000 ಲೀಟರ್ ನೀರನ್ನು ಇಳಿಸಿಕೊಡಬೇಕು. ಎಲ್ಲಿ ತಡವಾಗುವುದೋ ಅಲ್ಲಿ ನೀರು ಬಿರುಕನ್ನು ಹುಡುಕುತ್ತದೆ. ಬಿರುಕಿನಲ್ಲಿಳಿದ ನೀರು ಒಳಗಿನ ಕಬ್ಬಿಣದ ಸರಳನ್ನು ತಲುಪಿದರೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು. ಆ ಒತ್ತಡ ತಡೆಯಲಾರದೆ ಕಾಂಕ್ರೀಟು ಕೆಳಗಿನಿಂದ ಚಕ್ಕೆಯೆದ್ದು ಉದುರುತ್ತದೆ. ಆದುದರಿಂದ ಸೋರಿಕೆಯು ಕೇವಲ ಹನಿಯ ಕಿರುಕುಳವೆಂದು ಉಪೇಕ್ಷಿಸುವ ಸಂಗತಿಯಲ್ಲ; ಅದರ ಅಡಿಯಲ್ಲಿ ನಡೆದಾಡುವವರ ತಲೆಯ ಪ್ರಶ್ನೆ.

ಸೋರಿಕೆಗೆ ಮಲೆನಾಡಿನಲ್ಲಿ ರೂಢಿಯಾಗಿರುವ ಉಪಾಯ ನೀಲಿ ಪ್ಲಾಸ್ಟಿಕ್ ಹಾಳೆ. ಮಳೆಗಾಲಕ್ಕೆ ಹೊದಿಸುವುದು, ಬಿಸಿಲಿಗೆ ಪುಡಿಯಾಗುವುದು, ಮರುವರ್ಷ ಮತ್ತೊಂದನ್ನು ತರುವುದು. ಹರಿದ ಚೂರುಗಳು ಸೇರುವುದು ತೋಟದ ಕಪ್ಪು ಮತ್ತು ಹಳ್ಳಗಳನ್ನು. ಇನ್ನೊಂದು ಉಪಾಯ ಕಂಬ ನಿಲ್ಲಿಸಿ ತಗಡಿನ ಮಾಡು ಕಟ್ಟುವುದು. ಜಾಗ ಮತ್ತು ಹಣ ಇರುವವರಿಗೆ ಇಳಿಜಾರಿನ ಮಾಡೇ ಇಂದಿಗೂ ಉತ್ತಮ. ಅದು ಆಗದಿರುವಲ್ಲಿ ಮೂರನೆಯ ದಾರಿಯಾಗಿ ಒಂದೇ ತುಂಡಿನ ರಬ್ಬರ್ ಹಾಳೆಯನ್ನು ಪರಿಗಣಿಸಬಹುದು. ಬ್ರಿಟನ್, ಅಮೆರಿಕಗಳಲ್ಲಿ ಗ್ಯಾರೇಜಿನ ಚಪ್ಪಟೆ ಸೂರಿಗೆ ಮನೆಯವರೇ ಇದನ್ನು ಹೊದಿಸಿಕೊಳ್ಳುವ ಪದ್ಧತಿ ಚೆನ್ನಾಗಿ ಬೇರೂರಿದೆ.

ಈ ಹಾಳೆಯ ಹೆಸರು ಇಪಿಡಿಎಂ. ಎಥಿಲೀನ್, ಪ್ರೊಪಿಲೀನ್ ಮತ್ತು ಅಲ್ಪ ಪ್ರಮಾಣದ ಡೈಯೀನ್ ಸೇರಿದ ಸಂಶ್ಲೇಷಿತ ರಬ್ಬರ್ ಇದು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ರಬ್ಬರ್ ಬೆಳೆಯುತ್ತಿರುವಾಗ ಅದನ್ನೇ ಏಕೆ ಹೊದಿಸಬಾರದು ಎಂಬ ಪ್ರಶ್ನೆ ಸಹಜ. ಮರದ ಹಾಲಿನಿಂದ ಬಂದ ರಬ್ಬರಿನ ಅಣುಸರಪಳಿಯ ಉದ್ದಕ್ಕೂ ಜೋಡಿಬಂಧಗಳಿವೆ. ಗಾಳಿಯಲ್ಲಿರುವ ಓಝೋನ್ ಆ ಬಂಧಗಳನ್ನೇ ಕಡಿಯುತ್ತದೆ. ಬಿಸಿಲಿನಲ್ಲಿ ಬಿಟ್ಟ ಹಳೆಯ ಸೈಕಲ್ ಟ್ಯೂಬಿನ ಮೈ ಸೀಳುವುದು ಇದರಿಂದ. ಇಪಿಡಿಎಂನ ಮುಖ್ಯ ಸರಪಳಿಯಲ್ಲಿ ಜೋಡಿಬಂಧವಿಲ್ಲ. ಇರುವ ಕೆಲವು ಪಕ್ಕದ ಕವಲುಗಳಲ್ಲಿವೆ. ಅದಕ್ಕೆ ಬೆರೆಸಿದ ಇಂಗಾಲದ ಕಪ್ಪು ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಸರಿಯಾಗಿ ಹಾಕಿದರೆ ಮೂರು ನಾಲ್ಕು ದಶಕ ಬಾಳುವ ಗುಣ ಅದಕ್ಕೆ ಬಂದಿರುವುದು ಹೀಗೆ.

ಆದರೆ ಹಾಳೆಯನ್ನು ಕೊಳ್ಳುವುದಕ್ಕೆ ಮುನ್ನ ಸೂರನ್ನು ಓದಬೇಕು. ನೀರನ್ನು ಕಾಯುವುದು ಮೊದಲಿಗೆ ಇಳಿಜಾರು, ಆಮೇಲೆ ಅಂಚು, ಕೊನೆಗೆ ಹಾಳೆ. ಮಳೆ ನಿಂತು ಎರಡು ದಿನ ಕಳೆದರೂ ನೀರು ನಿಂತಿರುವ ತಗ್ಗುಗಳನ್ನು ಸೀಮೆಸುಣ್ಣದಿಂದ ಗುರುತಿಸಬೇಕು. ಒಳಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಬೇಕು. ಪೊಳ್ಳು ಸದ್ದು ಬಂದರೆ, ಕಂದು ಗೆರೆ ಮೂಡಿದ್ದರೆ, ಸರಳು ಹೊರಗೆ ಕಂಡರೆ, ಮೊದಲು ಬರಬೇಕಾದವರು ಎಂಜಿನಿಯರು. ಕೊಳೆತ ಸೂರನ್ನು ಹೊಸ ಹಾಳೆಯಿಂದ ಮುಚ್ಚುವುದೆಂದರೆ ಅಪಾಯವನ್ನು ಮರೆಮಾಡಿದಂತೆ.

ನೀರು ಹರಿಯಲು 80ಕ್ಕೆ 1ರಷ್ಟಾದರೂ ಇಳಿಜಾರು ಬೇಕು. ಮಲೆನಾಡಿನ ಮಳೆಗೆ 40ಕ್ಕೆ 1 ಇರುವುದು ಲೇಸು. 3 ಮೀಟರ್ ಅಗಲಕ್ಕೆ ಅದು ಏಳೂವರೆ ಸೆಂಟಿಮೀಟರ್ ಇಳಿತ. ಇದನ್ನು ಗಾರೆಯಿಂದಲೇ ಕಟ್ಟಿದರೆ 18 ಚದರ ಮೀಟರಿನ ಮೇಲೆ ಸುಮಾರು 1.3 ಟನ್ ಹೊಸ ಭಾರ ಕೂರುತ್ತದೆ. ಈ ಲೆಕ್ಕ ಹಾಕದೆ ಗಾರೆ ಸುರಿಯಬಾರದು. ಕೊಟ್ಟಿಗೆಯ ಸೂರು ಮರದ ತೊಲೆಯದಾದರೆ ಕೆಲಸ ಹಗುರ. ತೊಲೆಯ ಮೇಲೆ ಬೆಣೆಯಾಕಾರದ ರೀಪುಗಳನ್ನು ಕೂಡಿಸಿ, ನೀರಿಗೆ ಜಗ್ಗದ 18 ಮಿ.ಮೀ. ಪ್ಲೈವುಡ್ ಬಡಿದರೆ ಇಳಿಜಾರು ಸಿದ್ಧ. ಹಳೆಯ ಸೂರು ಆಸ್ಬೆಸ್ಟಾಸ್ ಸಿಮೆಂಟಿನ ಶೀಟಿನದಾಗಿದ್ದರೆ ಅದನ್ನು ಒಡೆಯುವುದಾಗಲಿ, ಒಣಗಿದ್ದಾಗ ಕೊರೆಯುವುದಾಗಲಿ ಸಲ್ಲದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಅದನ್ನು ಇಳಿಸುವುದು ತಿಳಿದವರ ಕೆಲಸ.

ಕಾಲ ಶಿವರಾತ್ರಿಯಿಂದ ಯುಗಾದಿಯವರೆಗಿನದು. ಕಾಂಕ್ರೀಟು ಒಳಗಿನವರೆಗೂ ಒಣಗಿರಬೇಕು. ಪರೀಕ್ಷೆ ಸುಲಭ: ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕನ್ನು ನಾಲ್ಕೂ ಅಂಚು ಅಂಟಿಸಿ ಒಂದು ಹಗಲು, ಒಂದು ರಾತ್ರಿ ಬಿಡುವುದು. ಅಡಿಯಲ್ಲಿ ಬೆವರು ಮೂಡಿದರೆ ಇನ್ನೂ ಕಾಯಬೇಕು. ಅವಸರಪಟ್ಟರೆ ಒಳಗಿನ ತೇವ ಆವಿಯಾಗಿ ಹಾಳೆಯನ್ನು ಗುಳ್ಳೆಯೆಬ್ಬಿಸುತ್ತದೆ. ಹಳೆಯ ಡಾಂಬರನ್ನು ಪೂರ್ತಿ ಕೆರೆದು ತೆಗೆಯಬೇಕು, ಏಕೆಂದರೆ ಡಾಂಬರು, ಸೀಮೆಎಣ್ಣೆ, ಗ್ರೀಸುಗಳು ಈ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಮರಳಿನ ಹರಳೊಂದೂ ಉಳಿಯದಂತೆ ಗುಡಿಸಬೇಕು.

ಮೂರು ಕಡೆ ಮೋಟುಗೋಡೆಯಿರುವ ಈ ಕೊಟ್ಟಿಗೆಗೆ ಅಂಚುಗಳನ್ನೂ ಸೇರಿಸಿ 6.6 ಮೀಟರ್ ಉದ್ದ, 3.6 ಮೀಟರ್ ಅಗಲದ ಹಾಳೆ ಸಾಕು. 1.2 ಮಿ.ಮೀ. ದಪ್ಪದ್ದಾದರೆ ತೂಕ ಸುಮಾರು 33 ಕಿಲೋ, ಇಬ್ಬರು ಹೊರಬಹುದು. ಬಿಡಿಸಿ ಹಾಸಿದ ಮೇಲೆ ಅರ್ಧ ಗಂಟೆ ಹಾಗೆಯೇ ಬಿಟ್ಟರೆ ಮಡಿಕೆಗಳು ಸಡಿಲಗೊಳ್ಳುತ್ತವೆ. ಎಳೆದು ಬಿಗಿ ಮಾಡಬಾರದು. ಅರ್ಧ ಭಾಗವನ್ನು ಹಿಂದಕ್ಕೆ ಮಡಿಸಿ, ನೆಲಕ್ಕೆ ಅಂಟು ಬಳಿದು, ನಡುವಿನಿಂದ ಅಂಚಿನೆಡೆಗೆ ಮೆತ್ತನೆಯ ಪೊರಕೆಯಿಂದ ಒತ್ತುತ್ತ ಗಾಳಿಯನ್ನು ಹೊರದೂಡಬೇಕು. ನಂತರ ಉಳಿದರ್ಧ. ಗೋಡೆಯ ಭಾಗಕ್ಕೆ ಮಾತ್ರ ಬೇರೆ ಅಂಟು. ಅದನ್ನು ಗೋಡೆಗೂ ಹಾಳೆಗೂ ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಸೇರಿಸಬೇಕು. ಒಮ್ಮೆ ತಾಗಿದರೆ ಮತ್ತೆ ಸರಿಸಲಾಗದು.

ಹೆಚ್ಚಿನ ಸೋರಿಕೆ ಹುಟ್ಟುವುದು ಅಂಚು, ಮೂಲೆ ಮತ್ತು ಕೊಳವೆಯ ಬಾಯಿಯಲ್ಲಿ. ಹಾಳೆ ಗೋಡೆಯ ಮೇಲೆ ಕನಿಷ್ಠ 15 ಸೆಂಟಿಮೀಟರ್ ಏರಬೇಕು. ಅದರ ಮೇಲಂಚನ್ನು ಗಾರೆಯಲ್ಲಿ ಕೊರೆದ ಗೀರಿನೊಳಗೆ ಸಿಕ್ಕಿಸಿ ಮುಚ್ಚಬೇಕು, ಇಲ್ಲವೇ ಲೋಹದ ಪಟ್ಟಿಯಿಂದ ಬಿಗಿದು ಸೀಲು ಮಾಡಬೇಕು. ಮೂಲೆಯಲ್ಲಿ ಕತ್ತರಿ ತಾಗಿಸಬಾರದು. ಅಡಿಕೆಯ ಹಾಳೆಯನ್ನು ಸೀಳದೆ ಮೂಲೆ ಮಡಿಸಿ ಕೊಟ್ಟೆ ಕಟ್ಟುವ ಕೈಗಳಿಗೆ ಈ ಮಡಿಕೆಯನ್ನು ಕಲಿಸಬೇಕಾಗಿಲ್ಲ. ನಾಲ್ಕನೆಯ ಬದಿಯಲ್ಲಿ ಹಾಳೆ ಅಂಚು ದಾಟಿ ದೋಣಿಯೊಳಗೆ ಇಳಿಯಬೇಕು. ಎಲೆ ಕಟ್ಟಿಕೊಂಡಾಗ ನೀರು ಬೇರೆಡೆಯಿಂದ ಹೋಗುವಂತೆ ಎರಡನೆಯ ಬಾಯೊಂದನ್ನು ಇಡುವುದು ವಿವೇಕ.

ಈ ಕೆಲಸಕ್ಕೆ ಒಬ್ಬರೇ ಹತ್ತಬಾರದು. ಏಣಿಯ ಬುಡವನ್ನು ಮತ್ತೊಬ್ಬರು ಹಿಡಿದಿರಬೇಕು. ಗಾಳಿ ಬೀಸುವ ದಿನ ಹಾಳೆ ಹಾಯಿಯಂತೆ ಏಳುತ್ತದೆ, ಅಂದು ಬಿಡಿಸಲೇಬಾರದು. ಪಾಚಿ ಕಟ್ಟಿದ ರಬ್ಬರ್ ಮಳೆಯಲ್ಲಿ ಜಾರುತ್ತದೆ ಎಂಬುದೂ ನೆನಪಿರಲಿ.

ಹೊದಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮಳೆಗಾಲದ ಮುಂಚೆ ಮತ್ತು ನಂತರ ಎಲೆ ಗುಡಿಸಬೇಕು. ಮೇಲಿಂದ ಬೀಳುವ ಹೆಡೆ, ತೆಂಗಿನಕಾಯಿ, ಮಂಗಗಳ ಹಿಂಡು, ಅಡಿಕೆ ಒಣಗಿಸಲು ಎಳೆದಾಡುವ ಕಬ್ಬಿಣದ ಬುಟ್ಟಿ ಇವೆಲ್ಲ ಹಾಳೆಗೆ ಕಂಟಕ. ತೂತಾದರೆ ಸುತ್ತ ತೊಳೆದು, ಒಣಗಿಸಿ, ಪ್ರೈಮರ್ ಬಳಿದು, ತೂತಿನಿಂದ ಏಳೆಂಟು ಸೆಂಟಿಮೀಟರ್ ಆಚೆಗೂ ಹರಡುವ, ಮೂಲೆ ದುಂಡಾದ ತೇಪೆ ಹಚ್ಚಿದರಾಯಿತು. ಕಪ್ಪು ಹಾಳೆ ಬಿಸಿಲಿಗೆ ತೀವ್ರವಾಗಿ ಕಾಯುತ್ತದೆ. ವಾಹನಕ್ಕೆ ಅದು ಬಾಧಕವಲ್ಲ. ಮನುಷ್ಯರು ಮಲಗುವ ಕೋಣೆಯ ಮೇಲಾದರೆ ಯೋಚಿಸಬೇಕು.

ಪರಿಸರದ ಲೆಕ್ಕವನ್ನೂ ಮುಚ್ಚಿಡಬಾರದು. ಇಪಿಡಿಎಂ ಪೆಟ್ರೋಲಿಯಂ ಮೂಲದ ವಸ್ತು. ಗಂಧಕದಿಂದಲೋ ಅಂಥದೇ ಇನ್ನೊಂದರಿಂದಲೋ ಹದಗೊಂಡ ರಬ್ಬರಾದುದರಿಂದ ಪ್ಲಾಸ್ಟಿಕಿನಂತೆ ಕರಗಿಸಿ ಮರುಬಳಸಲು ಬರುವುದಿಲ್ಲ. ಸುಟ್ಟರೆ ವಿಷದ ಹೊಗೆ. ಆದ್ದರಿಂದ ಅದು ದಶಕಗಳ ಕಾಲ ಸೂರಿನ ಮೇಲಿದ್ದರೆ ಮಾತ್ರ ಪ್ರತಿವರ್ಷದ ನೀಲಿ ಹಾಳೆಗಿಂತ ಮೇಲು. ಐದು ವರ್ಷಕ್ಕೆ ಕಿತ್ತೆಸೆದರೆ ಅದೂ ಮತ್ತೊಂದು ಕಸ. ಈ ಅಂತರವನ್ನು ನಿರ್ಧರಿಸುವುದು ಹಾಕಿದವರ ಶ್ರದ್ಧೆ ಮತ್ತು ನೋಡಿಕೊಳ್ಳುವವರ ಕಣ್ಣು. ಸ್ವಂತ ಕೈಯಿಂದ ಮಾಡುವುದರ ದೊಡ್ಡ ಲಾಭ ಉಳಿದ ಕೂಲಿಯಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆ ದುರ್ಬಲ, ಯಾವ ಕೊಂಬೆ ಸೂರಿಗೆ ಬಾಗಿದೆ ಎಂಬ ಅರಿವು ಮನೆಯವರಲ್ಲೇ ಉಳಿಯುವುದು. ಕಾಲುವೆ ಬಿಡಿಸುವ ಮುನ್ನ ತೋಟದ ಇಳಿಜಾರನ್ನು ನೋಡುವ ರೈತ, ಅದೇ ಕಣ್ಣಿನಿಂದ ಒಮ್ಮೆ ಕೊಟ್ಟಿಗೆಯ ಸೂರನ್ನೂ ನೋಡಲಿ. ಕೆಲಸ ಅಲ್ಲಿಂದ ಆರಂಭವಾಗಲಿ.